ಬಾರಕೂರಿನ ಕಲ್ಲುಗಳು ಮತ್ತು ನಮ್ಮ ಜೀರ್ಣೋದ್ಧಾರ

ಬ್ರಹ್ಮಾವರದ ಸಮೀಪ, ಸೀತಾನದಿಯ ಆಸರೆಯಲ್ಲಿರುವ ಬಾರಕೂರು ಇಂದು ನೋಡುವವರಿಗೆ ತೆಂಗು ಕಂಗುಗಳ ನಡುವಣ ಒಂದು ಗ್ರಾಮ. ಆದರೆ ಕೋಟೆಕೇರಿ, ಚೌಳಿಕೇರಿ, ಮೂಡುಕೇರಿ, ಮಣಿಗಾರಕೇರಿ ಎಂಬ ಹೆಸರುಗಳಲ್ಲಿ ಹಳೆಯ ನಗರವೊಂದರ ವಿನ್ಯಾಸ ಇನ್ನೂ ಉಳಿದಿದೆ. ಆಳುಪ ಅರಸರ ರಾಜಧಾನಿಯಾಗಿದ್ದ ಈ ಊರು ವಿಜಯನಗರದ ಕಾಲದಲ್ಲಿ ಬಾರಕೂರು ರಾಜ್ಯವೆಂಬ ಪ್ರಾಂತದ ಆಡಳಿತ ಕೇಂದ್ರವಾಗಿತ್ತು. ಇಲ್ಲಿ 365 ದೇವಾಲಯಗಳಿದ್ದವೆಂಬ ಲೆಕ್ಕ ಐತಿಹ್ಯದ್ದು. ಆದರೆ ಕತ್ತಲೆ ಬಸದಿಯ ಕಂಬಗಳೂ ಊರಿನ ಹಲವೆಡೆ ನಿಂತಿರುವ ಶಾಸನಗಳೂ ಐತಿಹ್ಯವಲ್ಲ.

ಇಂಥ ಸ್ಥಳಗಳ ನಾಶವೆಂದೊಡನೆ ನಾವು ಶತ್ರುಗಳ ದಾಳಿಯನ್ನೋ ಜನರ ಉದಾಸೀನತೆಯನ್ನೋ ನೆನೆಯುತ್ತೇವೆ. ಬಸರೂರಿನಂಥ ರೇವುಪಟ್ಟಣ 1665ರಲ್ಲಿ ಶಿವಾಜಿಯ ನೌಕಾದಾಳಿಗೆ ತುತ್ತಾದುದು ನಿಜ. ಆದರೆ ನಮ್ಮ ಕಾಲದಲ್ಲಿ ಹಳೆಯ ಕಟ್ಟಡಕ್ಕೆ ಒದಗುವ ದೊಡ್ಡ ಅಪಾಯ ದ್ವೇಷದಿಂದ ಬರುವುದಲ್ಲ, ಭಕ್ತಿಯಿಂದ ಬರುವುದು. ಊರಿನವರು ನಾಲ್ಕು ಕಾಸು ಕೂಡಿಸಿ, ಪರವೂರಿನಲ್ಲಿ ದುಡಿಯುವ ಮಕ್ಕಳಿಂದ ದೇಣಿಗೆ ತರಿಸಿ, ತಮ್ಮ ದೇವರಿಗೆ ಒಳ್ಳೆಯದಾಗಲೆಂದು ಗುಡಿಯನ್ನು ಕಳಚುತ್ತಾರೆ. ಅವರ ಶ್ರದ್ಧೆಯನ್ನು ಹಗುರವಾಗಿ ಕಾಣುವ ಅಧಿಕಾರ ನಮಗಿಲ್ಲ. ಗುಡಿ ಅವರಿಗೆ ಸ್ಮಾರಕವಲ್ಲ, ದೇವರ ಮನೆ. ಸೋರುವ ಮಾಡಿನ ಕೆಳಗೆ ದೇವರನ್ನು ಕೂರಿಸಿ ಇತಿಹಾಸವನ್ನು ಕಾಪಾಡಿರೆಂದು ಯಾರು ತಾನೆ ಹೇಳಬಲ್ಲರು?

ಆದರೂ ಕೆಲಸದ ಕ್ರಮವನ್ನು ವಿಚಾರಿಸಬೇಕಾಗಿದೆ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಈ ಕರಾವಳಿಯಲ್ಲಿ ನಮ್ಮ ಹಿರಿಯರು ಮುರಕಲ್ಲಿನ ಗೋಡೆಗೆ ಸುಣ್ಣದ ಗಾರೆ ಬಳಿದರು, ಮಾಡನ್ನು ಇಳಿಜಾರಾಗಿ ಕಟ್ಟಿದರು. ಮುರಕಲ್ಲು ನೀರನ್ನು ಹೀರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಮರಳಿ ಹೊರಬಿಡುತ್ತದೆ. ಸಿಮೆಂಟಿನ ಗಟ್ಟಿಲೇಪ ಅದನ್ನು ಒಳಗೇ ತಡೆದಿಡುತ್ತದೆ. ಭದ್ರವಾಯಿತೆಂದು ನಾವು ಭಾವಿಸಿರುವಾಗಲೇ ಗೋಡೆ ಒಳಗಿಂದ ಸವೆಯತೊಡಗುತ್ತದೆ. ಕೆತ್ತನೆಯ ಕಂಬಕ್ಕೆ ಎಣ್ಣೆಬಣ್ಣ ಬಳಿದರೆ ಉಳಿಯ ನಯ ಮುಚ್ಚಿಹೋಗುತ್ತದೆ. ಶಾಸನದ ಕಲ್ಲನ್ನು ಮೆಟ್ಟಿಲಾಗಿ ಹಾಸಿದರೆ ಕೆಲವೇ ವರ್ಷಗಳಲ್ಲಿ ಅಕ್ಷರ ಅಳಿಯುತ್ತದೆ. ಹೊಸ ಗುಡಿಯನ್ನು ಎಂದಾದರೂ ಕಟ್ಟಬಹುದು. ಓದದೆ ಕಳೆದ ಶಾಸನವನ್ನು ಮತ್ತೆ ಬರೆಸಲು ಯಾವ ಅರಸನೂ ಬರಲಾರ.

ಕಾನೂನಿಲ್ಲವೆ? ಇದೆ. ಕೇಂದ್ರದ ಅಧಿನಿಯಮ 1958ರದು, ನಮ್ಮ ರಾಜ್ಯದ್ದು 1961ರದು. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡವನ್ನು 2010ರ ತಿದ್ದುಪಡಿ ನಿಷೇಧಿಸಿದೆ. ಆದರೆ ಈ ರಕ್ಷಣೆ ಪಟ್ಟಿಗೆ ಸೇರಿದವುಗಳಿಗೆ ಮಾತ್ರ. ಹಳೆಯ ನಗರವೆಂಬುದು ಒಂದೆರಡು ಗುಡಿಗಳಷ್ಟೇ ಅಲ್ಲ. ಕೆರೆ, ಬಾವಿಕಟ್ಟೆ, ಗದ್ದೆಯಂಚಿನ ವೀರಗಲ್ಲು, ಕೇರಿಯ ಹೆಸರು ಎಲ್ಲವೂ ಸೇರಿ ಅದು ನಗರ. ಇವುಗಳಿಗೆ ಊರಿನವರೇ ಕಾವಲು.

ಡಾ. ಪಿ. ಗುರುರಾಜ ಭಟ್ಟರು ಊರೂರು ಸುತ್ತಿ, ಗುಡಿ ಮೂರ್ತಿಗಳನ್ನು ಪರಿಶೀಲಿಸಿ, ತುಳುವ ಇತಿಹಾಸದ ಬೃಹದ್ಗ್ರಂಥವನ್ನು 1975ರಲ್ಲಿ ಹೊರತಂದರು. ಅವರು ಹಾಕಿಕೊಟ್ಟ ಹಾದಿ ನಮ್ಮ ಮುಂದಿದೆ. ಬೈಂದೂರಿನ ಸೇನೇಶ್ವರ ದೇವಾಲಯದ ಶಿಲ್ಪಗಳಾಗಲಿ, ಬಾರಕೂರಿನ ಒಂದು ಒಂಟಿ ಕಲ್ಲಾಗಲಿ, ಕೈಹಚ್ಚುವ ಮುನ್ನ ಛಾಯಾಚಿತ್ರ ತೆಗೆಯುವುದು, ಅಳತೆ ಬರೆದಿಡುವುದು, ಶಾಸನ ಬಲ್ಲವರನ್ನು ಕರೆಸುವುದು, ಗಟ್ಟಿಯಿರುವುದನ್ನು ಇದ್ದಲ್ಲೇ ಉಳಿಸಿ ಕೆಟ್ಟುದನ್ನಷ್ಟೇ ಬದಲಿಸುವುದು: ಇಷ್ಟಕ್ಕೆ ಬ್ರಹ್ಮಕಲಶೋತ್ಸವದ ವೆಚ್ಚದಲ್ಲಿ ಒಂದು ಸಣ್ಣ ಪಾಲು ಸಾಕು.

ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಎತ್ತಿ ನಿಲ್ಲಿಸುವುದು. ನಿಂತಿರುವುದನ್ನು ಕೆಡವುವುದು ಆ ಪದದ ಅರ್ಥದಲ್ಲಿ ಎಲ್ಲಿಯೂ ಇಲ್ಲ. ಮುಂದಿನ ಸಲ ನಮ್ಮೂರಿನ ಗುಡಿಯಲ್ಲಿ ಜೀರ್ಣೋದ್ಧಾರ ಸಮಿತಿ ಸಭೆ ಸೇರಿದಾಗ, ದೇಣಿಗೆಯ ಪಟ್ಟಿ ಓದುವುದಕ್ಕಿಂತ ಮೊದಲು ಈ ಮಾತನ್ನು ಯಾರಾದರೊಬ್ಬರು ಎದ್ದು ಹೇಳಬೇಕು.

(ಬಾನುಲಿ ಭಾಷಣ)