ಎರಡು ಗುಂಡಿಗೆಯ ಲಾರಿ



ಲಾರಿ ಎಂದೊಡನೆ ನಿಮ್ಮ ಕಣ್ಣಮುಂದೆ ಬರುವ ಚಿತ್ರ ಯಾವುದು? ರಜೆಯಲ್ಲಿ ಊರಿಗೆ ಹೋಗುವಾಗ ಘಾಟಿಯ ಏರಿನಲ್ಲಿ ಏದುಸಿರು ಬಿಡುತ್ತಾ, ಕರಿ ಹೊಗೆ ಕಾರುತ್ತಾ, ನಿಮ್ಮ ಬಸ್ಸಿಗೆ ದಾರಿ ಕೊಡದೆ ತೆವಳುವ ಆ ಭಾರದ ವಾಹನ ತಾನೇ? ಅಂಥದೇ ಒಂದು ಲಾರಿ ಆಫ್ರಿಕದ ಮರಳುಗಾಡಿನಲ್ಲಿ ರೇಸಿನ ಕಾರನ್ನು ಹಿಂದೆ ಹಾಕಿ ಓಡಿತೆಂದರೆ ನಂಬುವಿರಾ? ಅದೂ ಗಂಟೆಗೆ 200 ಕಿಲೋಮೀಟರಿಗೂ ಮಿಗಿಲಾದ ವೇಗದಲ್ಲಿ! ಇದು ಕಟ್ಟುಕಥೆಯಲ್ಲ. 1988ರ ಪ್ಯಾರಿಸ್–ಡಕಾರ್ ರ‍್ಯಾಲಿಯಲ್ಲಿ ನಡೆದದ್ದು. ಆ ಲಾರಿಯ ಹೆಸರು ಡಾಫ್ ಟರ್ಬೋಟ್ವಿನ್.

ನಾನು ಓದಿದ್ದು ಇಂಗ್ಲಿಷ್ ಸಾಹಿತ್ಯ, ಮಾಡುತ್ತಿರುವುದು ಗೃಹಕೃತ್ಯ. ಇವಳಿಗೇಕೆ ಎಂಜಿನ್ನಿನ ಗೊಡವೆ ಎಂದು ನೀವು ನಗಬಹುದು. ನಗಿ, ಆದರೆ ಕೊನೆಯವರೆಗೆ ಓದಿ. ಈ ಲಾರಿಯ ಕಥೆ ಬರೀ ಯಂತ್ರದ ಕಥೆಯಲ್ಲ.

ಸಹಾಯಕ್ಕೆ ಬಂದದ್ದು ಸ್ಪರ್ಧೆಗೆ ಇಳಿಯಿತು

ಫ್ರಾನ್ಸಿನ ಥಿಯೆರಿ ಸಾಬಿನ್ ಎಂಬ ಸಾಹಸಿ ಆರಂಭಿಸಿದ ಈ ರ‍್ಯಾಲಿ ಮೊದಲ ಬಾರಿಗೆ ಪ್ಯಾರಿಸ್ಸಿನಿಂದ ಹೊರಟದ್ದು 1978ರ ಡಿಸೆಂಬರ್ 26ರಂದು. ಗುರಿ, ಸಹಾರಾ ಮರುಭೂಮಿಯ ಆಚೆ ಸೆನೆಗಲ್ ದೇಶದ ರಾಜಧಾನಿ ಡಕಾರ್. ಮೋಟಾರ್ ಸೈಕಲ್, ಕಾರುಗಳ ನಡುವೆ ಲಾರಿಗೇನು ಕೆಲಸ? ಸ್ಪರ್ಧಿಗಳ ಟೈರು, ಬಿಡಿಭಾಗ, ಸಲಕರಣೆಗಳನ್ನು ಹೊತ್ತು ಹಿಂದೆ ಬರುವುದು. ಆದರೆ ಹೊರೆ ಹೊರುವವನಿಗೂ ಓಡುವ ಆಸೆ ಇರಬಾರದೇ? 1980ರಿಂದ ಲಾರಿಗಳಿಗೂ ಪ್ರತ್ಯೇಕ ವಿಭಾಗ ತೆರೆಯಿತು.

ಈ ಕಣಕ್ಕೆ 1982ರಲ್ಲಿ ಇಳಿದವನು ಯಾನ್ ಡಿ ರೋಯ್. ಹಾಲೆಂಡಿನ ಐಂಡ್‌ಹೋವನ್ ಬಳಿ ಅವನ ಕುಟುಂಬದ್ದು ಲಾರಿ ಸಾಗಾಣಿಕೆಯ ಉದ್ಯೋಗ. ಐಂಡ್‌ಹೋವನ್ನಿನಲ್ಲೇ 1928ರಲ್ಲಿ ಹಬ್ ವಾನ್ ಡೂರ್ನ್ ಆರಂಭಿಸಿದ ಡಾಫ್ ಕಾರ್ಖಾನೆಯೂ ಇತ್ತು. ಆ ಕಂಪನಿಯ ಪುಟ್ಟ ಕಾರುಗಳನ್ನು ರ‍್ಯಾಲಿಕ್ರಾಸ್ ಪಂದ್ಯಗಳಲ್ಲಿ ಓಡಿಸಿ ಹೆಸರು ಮಾಡಿದ್ದ ಡಿ ರೋಯ್, ಈಗ ಅದೇ ಕಂಪನಿಯ ಲಾರಿ ಹಿಡಿದು ಮರಳುಗಾಡಿಗೆ ಹೊರಟ.

ಒಂದು ಸಾಲದೆಂದು ಎರಡು

ಮರಳಿನಲ್ಲಿ ಲಾರಿ ಓಡಿಸುವುದೆಂದರೆ ಏನೆಂದು ಸ್ವಲ್ಪ ಯೋಚಿಸಿ. ಭಾರದ ಚಕ್ರ ಮೆತ್ತನೆಯ ಮರಳಿನಲ್ಲಿ ಹೂತುಹೋಗುತ್ತದೆ. ಅದಕ್ಕೆ ಟೈರಿನ ಗಾಳಿಯನ್ನು ಕಡಿಮೆ ಮಾಡುತ್ತಾರೆ. ಆಗ ಟೈರು ಒಂಟೆಯ ಪಾದದಂತೆ ಅಗಲವಾಗಿ ಹರಡಿ, ಭಾರವನ್ನು ಹಂಚಿಕೊಂಡು ಮರಳಿನ ಮೇಲೆ ನಿಲ್ಲುತ್ತದೆ. ನಾಲ್ಕೂ ಚಕ್ರಗಳಿಗೆ ಶಕ್ತಿ ಸಿಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಮರಳುದಿಬ್ಬ ಏರುವಾಗ ವೇಗ ಕುಗ್ಗಬಾರದು. ಕುಗ್ಗಿದರೆ ಅಲ್ಲೇ ಠಿಕಾಣಿ, ಗುದ್ದಲಿ ಹಿಡಿದು ಮರಳು ಬಗೆಯುವುದೇ ಗತಿ.

ವೇಗಕ್ಕೆ ಶಕ್ತಿ ಬೇಕು. ಒಂದು ಎಂಜಿನ್ ಸಾಲದಿದ್ದರೆ ಎರಡು ಹಾಕಿದರಾಯಿತು ಎಂದುಕೊಂಡಿತು ಡಿ ರೋಯ್ ತಂಡ. 1984ರಲ್ಲಿ ಅವರು ತಂದ ಲಾರಿಗೆ ಎಂಜಿನ್ ಮಾತ್ರವಲ್ಲ, ಚಾಲಕನ ಕ್ಯಾಬಿನ್ ಕೂಡ ಎರಡು, ಮುಂದೊಂದು, ಹಿಂದೊಂದು! ಜನ ಅದನ್ನು ‘ಎರಡು ತಲೆಯ ರಾಕ್ಷಸ’ ಎಂದೇ ಕರೆದರು. ಮುಂದಿನ ಲಾರಿಗಳಲ್ಲಿ ಕ್ಯಾಬಿನ್ ಒಂದೇ ಆಯಿತು, ಎಂಜಿನ್ ಎರಡೇ ಉಳಿದವು. ಒಂದೊಂದು ಎಂಜಿನ್ ಒಂದೊಂದು ಆಕ್ಸಲ್ ಅನ್ನು ತಿರುಗಿಸುತ್ತಿತ್ತು. ಜೋಡೆತ್ತಿನ ಗಾಡಿಯಂತೆ ಎರಡೂ ಒಂದೇ ಹೆಜ್ಜೆ ಹಾಕಬೇಕು. ಜೊತೆಗೆ, ಕೆಡಬಹುದಾದ ಭಾಗಗಳೂ ಎರಡರಷ್ಟು.

1988ಕ್ಕೆ ಸಿದ್ಧವಾದ ಟರ್ಬೋಟ್ವಿನ್ ಎಕ್ಸ್1 ಲಾರಿಯಲ್ಲಿ 11.6 ಲೀಟರಿನ ಎರಡು ಡೀಸೆಲ್ ಎಂಜಿನ್‌ಗಳಿದ್ದವು. ಒಂದೊಂದಕ್ಕೂ ಮೂರು ಟರ್ಬೋಗಳು. ಟರ್ಬೋ ಎಂದರೇನೆಂದು ಹೇಳಲೇ? ಅಜ್ಜಿ ಮನೆಯ ಸೌದೆ ಒಲೆಯನ್ನು ನೀವು ನೋಡಿರಬಹುದು. ಊದುಗೊಳವೆಯಲ್ಲಿ ಊದಿದರೆ ಮಂಕಾದ ಬೆಂಕಿ ಭುಗಿಲೆನ್ನುತ್ತದೆ. ಟರ್ಬೋ ಎಂಜಿನ್ನಿನ ಊದುಗೊಳವೆ. ಹೊರಗೆ ಹೋಗುವ ಹೊಗೆಯ ರಭಸಕ್ಕೆ ಒಂದು ಪುಟ್ಟ ಚಕ್ರ ತಿರುಗುತ್ತದೆ. ಅದೇ ದಂಡಕ್ಕೆ ಜೋಡಿಸಿದ ಇನ್ನೊಂದು ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಒಳಗೆ ತುಂಬುತ್ತದೆ. ಗಾಳಿ ಹೆಚ್ಚಾದಂತೆ ಹೆಚ್ಚು ಇಂಧನ ಉರಿಯುತ್ತದೆ, ಶಕ್ತಿ ಬೆಳೆಯುತ್ತದೆ. ಹೀಗೆ ಎರಡೂ ಎಂಜಿನ್ ಸೇರಿ ಸುಮಾರು 1,200 ಅಶ್ವಶಕ್ತಿ! ಆ ಕಾಲದ ನಮ್ಮ ಹೆದ್ದಾರಿಯ ಸಾಧಾರಣ ಲಾರಿಗೆ ಇದ್ದದ್ದು ನೂರು ಚಿಲ್ಲರೆ ಅಶ್ವಶಕ್ತಿ. ಹತ್ತು ಟನ್ನಿಗೂ ಹೆಚ್ಚು ತೂಕದ ಈ ಆನೆ ಚಿರತೆಯಂತೆ ಓಡಿದ್ದು ಹೀಗೆ.

ಗೆಲುವು, ಮತ್ತು ಆ ದಿನ

1987ರಲ್ಲಿ ಇದರ ಹಿಂದಿನ ಮಾದರಿಯಾದ ಟರ್ಬೋಟ್ವಿನ್ ಓಡಿಸಿ ಡಿ ರೋಯ್ ಲಾರಿ ವಿಭಾಗವನ್ನು ಗೆದ್ದ. ಅಷ್ಟೇ ಅಲ್ಲ, ಕಾರುಗಳನ್ನೂ ಸೇರಿಸಿ ಎಣಿಸಿದರೆ ಅವನದು 11ನೇ ಸ್ಥಾನ. ಮರುವರ್ಷ ಕಾರುಗಳನ್ನೇ ಸೋಲಿಸುವ ಹಂಬಲ ಹುಟ್ಟಿದ್ದರಲ್ಲಿ ಆಶ್ಚರ್ಯವೇನು? ಹಿಂದಿನ ವರ್ಷದ ವಿಜೇತ ಅರಿ ವಟಾನೆನ್ ಓಡಿಸುತ್ತಿದ್ದ ಪ್ಯೂಜೋ 405 ಕಾರನ್ನು ಈ ಲಾರಿ ಬಯಲಿನಲ್ಲಿ ಹಿಂದೆ ಹಾಕಿದ ದೃಶ್ಯವನ್ನು ಹೆಲಿಕಾಪ್ಟರಿನಿಂದ ಚಿತ್ರೀಕರಿಸಿದ್ದಾರೆ. ನೋಡಿದರೆ ಇಂದಿಗೂ ಮೈ ನವಿರೇಳುತ್ತದೆ.

ಆದರೆ ಅದೇ ರ‍್ಯಾಲಿಯಲ್ಲಿ, ನೈಜರ್ ದೇಶದ ತೆನೆರೆ ಮರುಭೂಮಿಯಲ್ಲಿ, ತಂಡದ ಎರಡನೆಯ ಲಾರಿ ಎಕ್ಸ್2 ಅತಿ ವೇಗದಲ್ಲಿ ಪಲ್ಟಿಯಾಯಿತು. ಒಂದಲ್ಲ, ಹಲವು ಬಾರಿ ಉರುಳಿತು. ಚಾಲಕ ಥಿಯೋ ವಾನ್ ಡಿ ರೈಟ್ ಗಾಯಗೊಂಡು ಬದುಕಿದ. ದಾರಿ ತೋರಿಸುತ್ತಿದ್ದ ಕೇಸ್ ವಾನ್ ಲೂವೆಝೈನ್ ಕುಳಿತ ಆಸನದ ಸಮೇತ ಹೊರಕ್ಕೆ ಎಸೆಯಲ್ಪಟ್ಟು ಸಾವಿಗೀಡಾದ.

ಮುಂದೆ ಓಡುತ್ತಿದ್ದ ಡಿ ರೋಯ್ ಗೆಲ್ಲುವ ಹಾದಿಯಲ್ಲಿದ್ದ. ಡಾಫ್ ಇಡೀ ತಂಡವನ್ನು ಹಿಂದಕ್ಕೆ ಕರೆಸಿಕೊಂಡಿತು. ಕಂಪನಿ ಆ ಸ್ಪರ್ಧೆಯಿಂದಲೇ ಹಿಂದೆ ಸರಿಯಿತು. ಆ ವರ್ಷದ ರ‍್ಯಾಲಿಯಲ್ಲಿ ಸತ್ತವರು ಒಟ್ಟು ಆರು ಮಂದಿ. ಅವರಲ್ಲಿ ಮೂವರು ಸ್ಪರ್ಧಿಗಳೇ ಅಲ್ಲ, ದಾರಿಬದಿಯ ಊರುಗಳ ಬಡಪಾಯಿಗಳು. ಗೆದ್ದವರ ಹೆಸರು ದಾಖಲೆಯಲ್ಲಿ ಉಳಿಯುತ್ತದೆ. ಈ ಮೂವರ ಹೆಸರನ್ನು ನೆನೆಯುವವರು ಯಾರು?

ಶಾಲೆಯಲ್ಲಿ ಕಲಿತ ಭೌತಶಾಸ್ತ್ರವನ್ನು ನೆನಪಿಸಿಕೊಳ್ಳಿ. ವೇಗ ಮೂರು ಪಟ್ಟಾದರೆ ಚಲನಶಕ್ತಿ ಒಂಬತ್ತು ಪಟ್ಟು. 60 ಕಿಲೋಮೀಟರ್ ವೇಗದ ಲಾರಿಗಿಂತ 180ರಲ್ಲಿ ಓಡುವ ಲಾರಿ ಒಂಬತ್ತು ಪಟ್ಟು ಹೊಡೆತ ಕೊಡಬಲ್ಲದು. ಎಂಜಿನಿಯರ್‌ಗಳು ಇದನ್ನು ಬಲ್ಲರು. ಆದರೆ ಗೆಲುವಿನ ಕಾವಿನಲ್ಲಿ ಗಣಿತ ಯಾರಿಗೆ ನೆನಪಿರುತ್ತದೆ?

ಮಿತಿಯಲ್ಲಿಯೂ ಗೆಲುವು

1989ರಲ್ಲಿ ಲಾರಿಗಳ ಸ್ಪರ್ಧೆಯೇ ನಡೆಯಲಿಲ್ಲ. ಮರುವರ್ಷ ಲಾರಿಗಳು ಮರಳಿದರೂ ಎರಡು ಎಂಜಿನ್ನಿನ ಕಾಲ ಮುಗಿದಿತ್ತು. ಮುಂದೆ ಲಾರಿಗಳಿಗೆ ಗಂಟೆಗೆ 150 ಕಿಲೋಮೀಟರಿನ, ಆನಂತರ 140ರ ಮಿತಿ ಬಂತು. ಇದರಿಂದ ಪಂದ್ಯ ಸಪ್ಪೆಯಾಯಿತೇ? ಇಲ್ಲ. ರಷ್ಯದ ಕಮಾಜ್ ಲಾರಿಯ ಚಾಲಕ ವ್ಲಾದಿಮಿರ್ ಚಾಗಿನ್ 2000ದಿಂದ 2011ರ ನಡುವೆ 7 ಬಾರಿ ಗೆದ್ದ. ಡಿ ರೋಯ್ ಕೂಡ ವರ್ಷಗಳ ನಂತರ ಮರಳುಗಾಡಿಗೆ ಮರಳಿದ. ಅವನ ಮಗ ಗೆರಾರ್ಡ್, ರ‍್ಯಾಲಿ ದಕ್ಷಿಣ ಅಮೆರಿಕಕ್ಕೆ ಸ್ಥಳಾಂತರವಾದ ಮೇಲೆ, 2012 ಮತ್ತು 2016ರಲ್ಲಿ ಇವೆಕೊ ಲಾರಿಯಲ್ಲಿ ಗೆದ್ದು ತಂದೆಯ ಹೆಸರುಳಿಸಿದ. ಯಾನ್ ಡಿ ರೋಯ್ 2024ರಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡ.

ಈ ರ‍್ಯಾಲಿಯಲ್ಲಿ ನಮ್ಮವರೂ ಇದ್ದಾರೆ. ಬೆಂಗಳೂರಿನ ಸಿ. ಎಸ್. ಸಂತೋಷ್ 2015ರಲ್ಲಿ ಮೋಟಾರ್ ಸೈಕಲ್ ವಿಭಾಗದಲ್ಲಿ ಡಕಾರ್ ಪೂರ್ಣಗೊಳಿಸಿದ ಮೊದಲ ಭಾರತೀಯ. 2019ರಲ್ಲಿ ಉಡುಪಿಯ ಕೆ. ಪಿ. ಅರವಿಂದ್ ಕೂಡ ಗುರಿ ಮುಟ್ಟಿದರು. ಸೌದಿ ಅರೇಬಿಯದಲ್ಲಿ ನಡೆದ 2021ರ ರ‍್ಯಾಲಿಯಲ್ಲಿ ಸಂತೋಷ್ ತೀವ್ರವಾಗಿ ಗಾಯಗೊಂಡು ಆಸ್ಪತ್ರೆ ಸೇರಿದ್ದನ್ನೂ ಮರೆಯುವಂತಿಲ್ಲ.

ಸಾಹಸ ಬೇಡವೆಂದು ನಾನು ಹೇಳಲಾರೆ. ಸಾಹಸವಿಲ್ಲದಿದ್ದರೆ ನಮ್ಮ ಹಿರಿಯರು ಊರು ಬಿಟ್ಟು, ಭಾಷೆ ಬಾರದ ಈ ನಗರಗಳಿಗೆ ಬರುತ್ತಲೇ ಇರಲಿಲ್ಲ. ಆದರೆ ಅತಿಯಾದರೆ ಅಮೃತವೂ ವಿಷ. ನಿಮ್ಮ ಬೈಕಿನ ಎಕ್ಸಿಲೇಟರ್ ತಿರುವುವಾಗ ಇಷ್ಟು ನೆನಪಿಡಿ: ಲಾರಿಗೆ ಎರಡು ಗುಂಡಿಗೆ ಇಡಬಹುದು, ಮನುಷ್ಯನಿಗೆ ಇರುವುದು ಒಂದೇ. ಹೆಲ್ಮೆಟ್ ಹಾಕಿಕೊಂಡು ಹೊರಡಿ.