ಕಾರು ಕೊಳ್ಳುವ ಮುನ್ನ ದಾರಿ ನೋಡಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಇಂದಿನ ಗೃಹಸ್ಥರು ಅದಕ್ಕೆ ‘ಕಾರು ಕೊಂಡು ನೋಡು’ ಎಂಬ ಮೂರನೆಯ ಮಾತನ್ನೂ ಸೇರಿಸಬಹುದು. ಅದರಲ್ಲಿಯೂ, ನೆಲದಿಂದ ತುಸು ಎತ್ತರಕ್ಕೆ ನಿಲ್ಲುವ, ಎಸ್‌ಯುವಿ ಎಂದು ಹೆಸರಾದ ಪುಟ್ಟ ಕಾರನ್ನು ಆರಿಸುವುದೆಂದರೆ ಮದುವೆಯ ಸೀರೆಗೆಂದು ಅಂಗಡಿ ಹೊಕ್ಕಂತೆಯೇ ಸರಿ. ಒಂದೇ ಹೆಸರಿನ ಕಾರಿನಲ್ಲಿ ಹಲವು ದರ್ಜೆಗಳು, ಎರಡು ಮೂರು ಬಗೆಯ ಎಂಜಿನ್‌ಗಳು, ಕೆಳಗಿನದಕ್ಕೂ ಮೇಲಿನದಕ್ಕೂ ಲಕ್ಷಗಳ ಅಂತರ! ಶೋರೂಮಿನ ದೀಪಗಳ ಕೆಳಗೆ ಎಲ್ಲವೂ ಅಗತ್ಯವೆಂದೇ ತೋರುತ್ತದೆ. ಆದರೆ ಕಾರು ಓಡಬೇಕಾದುದು ಶೋರೂಮಿನಲ್ಲಲ್ಲ, ಊರಿನ ದಾರಿಯಲ್ಲಿ.

ನಾಲ್ಕು ತಾಲ್ಲೂಕು, ನಾಲ್ಕು ದಾರಿ

ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನೇ ನೋಡಬಹುದು. ಶ್ರೀರಂಗಪಟ್ಟಣದ ಸಂಸಾರಕ್ಕೆ ಮೈಸೂರು ಕೂಗಳತೆಯ ದೂರ. ಬೆಂಗಳೂರಿಗೆ ಹೊರಟರೆ 2023ರ ಮಾರ್ಚ್ 12ರಂದು ಉದ್ಘಾಟನೆಯಾದ ದಶಪಥ ಹೆದ್ದಾರಿ. ಅಲ್ಲಿ ಬೇಕಾದುದು ವೇಗದಲ್ಲಿ ಅಲುಗದ ನಿಲುವು ಮತ್ತು ನಂಬಬಹುದಾದ ಬ್ರೇಕು. ಪಾಂಡವಪುರದಲ್ಲಿ ಕಬ್ಬು ಕಡಿಯುವ ಕಾಲ ಬಂದಿತೆಂದರೆ ರಾತ್ರಿಯ ದಾರಿಯಲ್ಲಿ ಹಿಂದೀಪವಿಲ್ಲದ ಟ್ರಾಕ್ಟರುಗಳು ಎದುರಾಗುತ್ತವೆ. ಮೇಲುಕೋಟೆಗೆ ಬೆಟ್ಟ ಹತ್ತಬೇಕು. ಇಲ್ಲಿ ಒಳ್ಳೆಯ ಮುಂದೀಪ ಅಲಂಕಾರವಲ್ಲ, ಅವಶ್ಯಕತೆ. ಕೆ.ಆರ್.ಪೇಟೆಯಿಂದ ಕಿಕ್ಕೇರಿಯ ಸುತ್ತಣ ಹಳ್ಳಿಗಳಿಗೆ ಹೊರಟವರಿಗೆ ಉಬ್ಬುತಗ್ಗುಗಳ ಪರಿಚಯವುಂಟು. ಅವರಿಗೆ ಕಾರಿನ ತಳಭಾಗ ನೆಲಕ್ಕೆ ತಾಗದಿರುವುದೇ ಮುಖ್ಯ. ನಾಗಮಂಗಲದವರು ಬೆಳ್ಳೂರು ಕ್ರಾಸಿನಲ್ಲಿ ಮಂಗಳೂರು ಹೆದ್ದಾರಿ ಸೇರಿ ಧರ್ಮಸ್ಥಳಕ್ಕೆ ಹೋಗುವವರಾದರೆ, ತುಂಬಿದ ಕಾರನ್ನು ಘಾಟಿಯಲ್ಲಿ ಆಯಾಸವಿಲ್ಲದೆ ಎಳೆಯುವ ಎಂಜಿನ್ ಬೇಕು.

ಎಂಜಿನ್ನಿಗೊಂದು ಲೆಕ್ಕ

ಎಂಜಿನ್ ಆರಿಸುವಾಗ ನೆರೆಮನೆಯವರ ಸಲಹೆಗಿಂತ ಪೆನ್ಸಿಲು, ಕಾಗದ ಮೇಲು. ಸಾಮಾನ್ಯ ಪೆಟ್ರೋಲ್ ಕಾರು ಲೀಟರಿಗೆ 15 ಕಿಲೋಮೀಟರ್, ಬ್ಯಾಟರಿಯ ನೆರವು ಪಡೆಯುವ ಹೈಬ್ರಿಡ್ ಕಾರು 20 ಕಿಲೋಮೀಟರ್ ಓಡುವುದೆಂದೂ, ಪೆಟ್ರೋಲ್ ಲೀಟರಿಗೆ 100 ರೂಪಾಯಿ ಎಂದೂ, ಎರಡರ ಬೆಲೆಯ ಅಂತರ ಒಂದೂವರೆ ಲಕ್ಷವೆಂದೂ ಇಟ್ಟುಕೊಳ್ಳೋಣ. ದಿನಕ್ಕೆ 20 ಕಿಲೋಮೀಟರ್ ಓಡಿಸುವವರಿಗೆ ವರ್ಷಕ್ಕೆ ಉಳಿಯುವುದು ಸುಮಾರು 12,000 ರೂಪಾಯಿ. ಅಂತರ ತೀರಲು ಹನ್ನೆರಡು ವರ್ಷಕ್ಕೂ ಮೇಲಾಗುತ್ತದೆ. ದಿನಕ್ಕೆ 60 ಕಿಲೋಮೀಟರ್ ಓಡಿಸುವವರಿಗೆ 36,000 ರೂಪಾಯಿ ಉಳಿದು, ನಾಲ್ಕು ವರ್ಷ ಚಿಲ್ಲರೆಯಲ್ಲಿ ತೀರುತ್ತದೆ. ಕಾರು ಅದೇ; ಒಬ್ಬರಿಗೆ ಲಾಭ, ಮತ್ತೊಬ್ಬರಿಗೆ ನಷ್ಟ.

ಹೈಬ್ರಿಡ್‌ಗೆ ಹುಡುಕಾಟ ಬೇಕಿಲ್ಲ. ಇದೇ ಹೆದ್ದಾರಿಯ ಬಿಡದಿಯಲ್ಲಿರುವ ಟೊಯೊಟಾ ಕಾರ್ಖಾನೆ 2022ರಲ್ಲಿಯೇ ಹೈರೈಡರ್ ಎಂಬ ಇಂಥ ಕಾರನ್ನು ಹೊರತಂದಿತು. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಕೂಡಿಡುವ ಈ ಬಗೆಯ ಕಾರಿಗೆ ಪಟ್ಟಣದ ಸಂದಣಿಯಲ್ಲಿಯೇ ಉಳಿತಾಯ ಹೆಚ್ಚು. ಆದರೆ ಬ್ಯಾಟರಿಯು ಡಿಕ್ಕಿಯ ಜಾಗವನ್ನು ಒಂದಿಷ್ಟು ಕಬಳಿಸುತ್ತದೆ. ಊರಿನಿಂದ ಅಕ್ಕಿಮೂಟೆ, ತೆಂಗಿನಕಾಯಿ ತರುವವರು ಡಿಕ್ಕಿ ತೆಗೆಸಿ ನೋಡುವುದು ಒಳ್ಳೆಯದು.

ಡೀಸೆಲ್ ಎಂಜಿನ್ನಿಗೆ ಎಳೆಯುವ ಬಲವುಂಟು. ಘಾಟಿಗೂ ದೂರದ ಪಯಣಕ್ಕೂ ಅದು ಹೇಳಿಮಾಡಿಸಿದಂತಿದೆ. ಆದರೆ 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ನಿಯಮಕ್ಕೆ ಹೊಂದುವ ಡೀಸೆಲ್ ಕಾರುಗಳ ಹೊಗೆಯ ಹಾದಿಯಲ್ಲಿ ಮಸಿ ಹಿಡಿಯುವ ಜರಡಿ ಇರುತ್ತದೆ. ಆಗಾಗ ದೂರ ಓಡಿ ಬಿಸಿಯೇರಿದರೆ ಮಾತ್ರ ಆ ಮಸಿ ಸುಟ್ಟುಹೋಗುವುದು. ದಿನವೂ ಶಾಲೆಗೂ ಸಂತೆಗೂ ಎರಡೆರಡು ಕಿಲೋಮೀಟರ್ ಓಡುವ ಮನೆಗೆ ಪೆಟ್ರೋಲೇ ವಾಸಿ.

ತೆರಿಗೆಯ ಗೆರೆಗಳು

ಬೆಲೆಪಟ್ಟಿಯಲ್ಲಿ ಕಾಣದ ಗೆರೆಗಳೂ ಉಂಟು. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರ್ ಉದ್ದದೊಳಗಿದ್ದು, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರಿಗೆ ಜಿಎಸ್‌ಟಿ ಶೇಕಡಾ 18. ಈ ಮಿತಿ ದಾಟಿದ್ದಕ್ಕೆ ಶೇಕಡಾ 40. ಕರ್ನಾಟಕದ ಆಜೀವ ತೆರಿಗೆಯೂ 10 ಲಕ್ಷದೊಳಗೆ ಶೇಕಡಾ 14 ಇದ್ದುದು, ಅದನ್ನು ದಾಟಿದೊಡನೆ ಶೇಕಡಾ 17ಕ್ಕೇರುತ್ತದೆ. 9,90,000 ರೂಪಾಯಿಯ ಕಾರನ್ನು ಬಿಟ್ಟು, 40,000 ಹೆಚ್ಚು ತೆತ್ತು 10,30,000ದ ದರ್ಜೆಗೆ ಹಾರಿದರೆ, ತೆರಿಗೆ 1,38,600ರಿಂದ 1,75,100ಕ್ಕೆ ಏರುತ್ತದೆ. ನಲವತ್ತು ಸಾವಿರದ ಆಸೆಗೆ ತೆತ್ತಂತಾದುದು 76,500 ರೂಪಾಯಿ. ಸೆಸ್ಸು, ವಿಮೆ ಬೇರೆ.

ಮೊದಲು ಯಾವುದು?

ಹೀಗಿರುವಾಗ ಯಾವ ಸೌಕರ್ಯಕ್ಕೆ ಹಣ ಹಾಕಬೇಕು? ಮಕ್ಕಳ ಕಣ್ಣು ಮಾಳಿಗೆ ತೆರೆಯುವ ಸನ್‌ರೂಫಿನ ಮೇಲೆ. ಆದರೆ ಬಯಲುಸೀಮೆಯ ಬಿಸಿಲಿನಲ್ಲಿ ಅದನ್ನು ತೆರೆಯುವ ದಿನಗಳೆಷ್ಟು? ಆರು ಏರ್‌ಬ್ಯಾಗ್, ಜಾರುವ ಕಾರನ್ನು ಹತೋಟಿಗೆ ತರುವ ಸ್ಥಿರತಾ ನಿಯಂತ್ರಣ, ಹಿಂದಿನ ಮೂವರಿಗೂ ಸರಿಯಾದ ಸೀಟ್‌ಬೆಲ್ಟು, ಮಗುವಿನ ಆಸನ ಬಿಗಿಯುವ ಕೊಂಡಿ – ಇವು ಮೊದಲು. ಹಿಂದಿನ ಆಸನಕ್ಕೆ ತಂಗಾಳಿ, ಹಿಂಬದಿಯ ಕ್ಯಾಮರಾ ಅನಂತರ. ಉಳಿದುದೆಲ್ಲ ಹಣ ಉಳಿದರೆ. 2023ರ ಅಕ್ಟೋಬರ್‌ನಿಂದ ಜಾರಿಯಲ್ಲಿರುವ ಭಾರತ್ ಎನ್‌ಸಿಎಪಿ ಪರೀಕ್ಷೆಯಲ್ಲಿ ದೊಡ್ಡವರಿಗೂ ಮಕ್ಕಳಿಗೂ ಬೇರೆ ಬೇರೆ ನಕ್ಷತ್ರಗಳನ್ನು ಕೊಡುತ್ತಾರೆ, ಎರಡನ್ನೂ ಕೇಳಬೇಕು.

ಈ ಸೀಮೆಯಲ್ಲಿ ಇದು ಬರಿಯ ಉಪದೇಶವಲ್ಲ. ದಾರಿಯ ಪಕ್ಕದಲ್ಲಿಯೇ ವಿಶ್ವೇಶ್ವರಯ್ಯ ನಾಲೆ ಹರಿಯುತ್ತದೆ. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿಯ ಬಳಿ ಬಸ್ಸೊಂದು ಆ ನಾಲೆಗೆ ಉರುಳಿ 30 ಮಂದಿ ಪ್ರಾಣ ನೀಗಿದರು. ಅನಂತರ ಕಾರುಗಳೂ ಬಿದ್ದಿವೆ. ನಾಲೆಯ ತಡೆಗೋಡೆಯ ಕೆಲಸವನ್ನು ಯಾವ ಮೇಲ್ದರ್ಜೆಯ ಕಾರೂ ಮಾಡಲಾರದು. ಆದರೆ ಒಳ್ಳೆಯ ಟೈರು, ಒಳ್ಳೆಯ ದೀಪ, ಗಾಜು ಒಡೆಯಲು ಕೈಗೆಟಕುವ ಪುಟ್ಟ ಸುತ್ತಿಗೆ, ಎಲ್ಲಕ್ಕೂ ಮಿಗಿಲಾಗಿ ತಗ್ಗಿದ ವೇಗ, ಇವು ಸಂಸಾರಸ್ಥರ ಕೈಯಲ್ಲಿಯೇ ಇವೆ.

ಮುಂಗಡ ಕೊಡುವ ಮೊದಲು ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಒಮ್ಮೆ ಓಡಿಸಿ ನೋಡಬೇಕು. ಮೊಣಕಾಲು ನೋವಿನ ಅಜ್ಜಿ ಸಲೀಸಾಗಿ ಹತ್ತಿ ಇಳಿದರೆ, ಹಿಂದೆ ಕುಳಿತ ಮಕ್ಕಳ ಬೆಲ್ಟು ಸರಿಯಾಗಿ ಬಿದ್ದರೆ, ಲೆಕ್ಕದ ಕಾಗದ ಒಪ್ಪಿದರೆ, ಆ ಕಾರು ಆ ಮನೆಗೆ ತಕ್ಕ ಕಾರು. ಬಣ್ಣದ ಮಾತನ್ನು ಆಮೇಲೆ ಆಡಿದರಾಯಿತು.