ಷಟರ್ ಸಿಕ್ಕಿಕೊಂಡಾಗ ಮೊದಲು ಕೈ ಹಿಂತೆಗೆಯಿರಿ

ನಿವೇಶನದ ಬೆಲೆ ಗಗನಕ್ಕೇರಿದ ಮೇಲೆ ನಮ್ಮ ನಗರಗಳಲ್ಲಿ ಮನೆಯ ರೂಪವೇ ಬದಲಾಗಿದೆ. 30×40 ಅಡಿಯ ಜಾಗದಲ್ಲಿ ನೆಲಮಹಡಿಯನ್ನು ಕಾರಿಗೆ ಬಿಟ್ಟು, ಮೇಲಿನ ಮಹಡಿಗಳಲ್ಲಿ ಸಂಸಾರ ಹೂಡುವುದು ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಹುಬ್ಬಳ್ಳಿ, ದಾವಣಗೆರೆಗಳಲ್ಲೂ ಕಾಣಸಿಗುತ್ತದೆ. ಅಂಗಡಿಗಳ ಗುರುತಾಗಿದ್ದ ರೋಲಿಂಗ್ ಷಟರ್ ಹೀಗೆ ಅನೇಕ ಮನೆಗಳ ಮುಂಬಾಗಿಲಿಗೂ ಬಂದಿದೆ. ಬೆಳಿಗ್ಗೆ, ಸಂಜೆ ಒಮ್ಮೊಮ್ಮೆ ಸದ್ದು ಮಾಡಿ ಸುಮ್ಮನಾಗುವ ಈ ಉಕ್ಕಿನ ಪರದೆ ನೆನಪಾಗುವುದು ಅದು ಕೈಕೊಟ್ಟ ದಿನ ಮಾತ್ರ.

ಕಾರು ಒಳಗೆ, ಕಚೇರಿಗೆ ಹೊತ್ತಾಯಿತು, ಷಟರ್ ಮಾತ್ರ ಅರ್ಧಕ್ಕೆ ನಿಂತಿದೆ. ಇಂಥ ಹೊತ್ತಿನಲ್ಲಿ ಒಬ್ಬರು ಕಾಲಿನಿಂದ ಒದೆಯುತ್ತಾರೆ, ಇನ್ನೊಬ್ಬರು ಅಡಿಯಿಂದ ನುಸುಳುತ್ತಾರೆ, ಮತ್ತೊಬ್ಬರು ಏಣಿ ಇಟ್ಟು ಮೇಲಿನ ಮುಚ್ಚಳ ಬಿಚ್ಚಲು ಹೊರಡುತ್ತಾರೆ. ಈ ಮೂರೂ ಜೀವಕ್ಕೆ ಅಪಾಯ ತರಬಲ್ಲ ಕೆಲಸಗಳು. ಏಕೆಂಬುದು ತಿಳಿಯಬೇಕಾದರೆ ಷಟರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಅರಿಯಬೇಕು.

ಭಾರ ಹೊರುವುದು ಸ್ಪ್ರಿಂಗ್

ಉದ್ದನೆಯ ತಗಡಿನ ಪಟ್ಟಿಗಳನ್ನು ಒಂದಕ್ಕೊಂದು ಕೊಂಡಿಯಂತೆ ಸೇರಿಸಿ ಷಟರಿನ ಪರದೆ ಮಾಡಿರುತ್ತಾರೆ. ಅದರ ಎರಡೂ ಅಂಚುಗಳು ಗೋಡೆಗೆ ಬಿಗಿದ ಗೈಡ್ ಚಾನೆಲ್‌ಗಳೊಳಗೆ ಜಾರುತ್ತವೆ. ಮೇಲ್ಗಡೆ ಒಂದು ದಪ್ಪ ಪೈಪು. ಅದರ ಸುತ್ತ ಸುರುಳಿ ಸ್ಪ್ರಿಂಗ್‌ಗಳು.

1.25 ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಒಂದು ಚದರ ಮೀಟರಿಗೆ ಸುಮಾರು 10 ಕಿಲೋ ತೂಗುತ್ತದೆ. 10 ಅಡಿ ಅಗಲ, 8 ಅಡಿ ಎತ್ತರದ ಷಟರ್ ಎಂದರೆ ಹತ್ತಿರಹತ್ತಿರ ಏಳೂವರೆ ಚದರ ಮೀಟರ್. ಪಟ್ಟಿಯ ಮಡಿಕೆ, ಕೆಳಗಿನ ಅಡ್ಡಪಟ್ಟಿ, ಬೀಗದ ತೂಕ ಬಿಟ್ಟರೂ 75 ಕಿಲೋ ಆಯಿತು. ಹಾಗಿದ್ದರೂ ಅದನ್ನು ನಾವು ಒಂದೇ ಕೈಯಲ್ಲಿ ಎತ್ತುತ್ತೇವೆ. ಆ ಭಾರವನ್ನು ನಿಜವಾಗಿ ಹೊರುವುದು ಸ್ಪ್ರಿಂಗ್.

ಷಟರ್ ಕೆಳಗಿಳಿದಂತೆ ಸ್ಪ್ರಿಂಗ್ ಬಿಗಿಯುತ್ತದೆ. ಪೂರ್ತಿ ಮುಚ್ಚಿದಾಗ ಅದರ ಬಿಗಿತ ಅತ್ಯಧಿಕ. ಎತ್ತಿದಂತೆ ಪರದೆ ಪೈಪಿಗೆ ಸುತ್ತಿಕೊಂಡು ತೂಗುವ ಭಾರ ಕಡಿಮೆಯಾಗುತ್ತದೆ, ಸ್ಪ್ರಿಂಗೂ ಸಡಿಲವಾಗುತ್ತದೆ. ಎಲ್ಲವೂ ಸರಿಯಿದ್ದಾಗ ಇವೆರಡೂ ಒಂದನ್ನೊಂದು ಸರಿದೂಗಿಸುತ್ತವೆ. ಸ್ಪ್ರಿಂಗ್ ತುಂಡಾದ ಕ್ಷಣದಲ್ಲಿ ಆ ಭಾರವೆಲ್ಲ ಕೆಳಗಿರುವವರ ಮೇಲೆ ಬೀಳುತ್ತದೆ. ತುಂಡಾಗದೆ ಬಿಗಿದುಕೊಂಡೇ ಇರುವ ಸ್ಪ್ರಿಂಗನ್ನು ತಿಳಿಯದವರು ಬಿಚ್ಚಿದರೆ ಪೈಪು ರಭಸದಿಂದ ತಿರುಗಿ ಕೈ ಮುರಿಯಬಲ್ಲದು.

ಲಕ್ಷಣ ನೋಡಿ ಕಾರಣ ತಿಳಿಯಿರಿ

ನಿನ್ನೆ ಹಗುರವಾಗಿದ್ದ ಷಟರ್ ಇಂದು ಎತ್ತಲಾಗದಷ್ಟು ಭಾರವಾಗಿದ್ದರೆ ಸ್ಪ್ರಿಂಗ್ ತುಂಡಾಗಿದೆ ಇಲ್ಲವೇ ಅದರ ಹಿಡಿತ ಕಳಚಿದೆ ಎಂದೇ ತಿಳಿಯಬೇಕು. ಒಂದು ಬದಿ ಮೇಲೆ, ಇನ್ನೊಂದು ಬದಿ ಕೆಳಗೆ ಓರೆಯಾಗಿ ನಿಂತಿದ್ದರೆ ಯಾವುದೋ ಪಟ್ಟಿ ಪಕ್ಕಕ್ಕೆ ಸರಿದಿದೆ, ಇಲ್ಲವೇ ಕಾರು ತಗುಲಿ ಚಾನೆಲ್ ಬಾಗಿದೆ. ಕಿರುಗುಟ್ಟುವ ಸದ್ದಿಗೆ ದೂಳು, ತುಕ್ಕು ಕಾರಣ. ಮಂಗಳೂರು, ಉಡುಪಿ, ಕಾರವಾರದಂಥ ಕರಾವಳಿ ಊರುಗಳಲ್ಲಿ ಉಪ್ಪುಗಾಳಿಯಿಂದ ತುಕ್ಕು ಬೇಗ ಹಿಡಿಯುತ್ತದೆ. ಮಳೆನೀರು ನಿಲ್ಲುವ ಕೆಳ ಅಂಚು ಎಲ್ಲ ಕಡೆಯೂ ಮೊದಲು ಹಾಳಾಗುತ್ತದೆ.

ಮೋಟಾರ್ ಇರುವ ಷಟರ್ ಅಲುಗಾಡದಿದ್ದರೆ ಮೊದಲು ಸರಳವಾದುದನ್ನು ನೋಡಿ: ವಿದ್ಯುತ್ ಇದೆಯೇ, ರಿಮೋಟಿನ ಬ್ಯಾಟರಿ ಮುಗಿದಿದೆಯೇ, ಸೆನ್ಸರ್ ಕಣ್ಣಿಗೆ ದೂಳೋ ಜೇಡರ ಬಲೆಯೋ ಕವಿದಿದೆಯೇ? ಮೇಲಿಂದ ಮೇಲೆ ಓಡಿಸಿದರೆ ಮೋಟಾರ್ ಬಿಸಿಯಾಗಿ ತಾನೇ ನಿಲ್ಲುವುದುಂಟು. ತಣಿಯುವವರೆಗೆ ಕಾದರೆ ಮತ್ತೆ ಓಡುತ್ತದೆ. ಮೋಟಾರ್ ಗುಂಯ್‌ಗುಡುತ್ತಿದ್ದು ಷಟರ್ ಏಳದಿದ್ದರೆ ಮಾತ್ರ ಗುಂಡಿ ಒತ್ತುತ್ತಾ ಹೋಗಬೇಡಿ. ಸ್ಪ್ರಿಂಗ್ ಹೋಗಿದ್ದರೆ ಮೋಟಾರೂ ಸುಟ್ಟುಹೋಗುತ್ತದೆ.

ಆ ಕ್ಷಣದಲ್ಲಿ ಮಾಡಬೇಕಾದುದು

1. ಮಕ್ಕಳು, ಸಾಕುಪ್ರಾಣಿಗಳನ್ನು ದೂರ ಕಳಿಸಿ. ಅರ್ಧ ತೆರೆದ ಷಟರಿನ ಅಡಿಯಲ್ಲಿ ಯಾರೂ ನಿಲ್ಲಬಾರದು, ನುಸುಳಲೂಬಾರದು.

2. ಮೋಟಾರ್ ಇದ್ದರೆ ಅದರ ಸ್ವಿಚ್ ಆರಿಸಿ. ಯಾರೋ ಒಳಗಿನಿಂದ ರಿಮೋಟ್ ಒತ್ತಿದರೆ ಆಗುವ ಅನಾಹುತ ಇದರಿಂದ ತಪ್ಪುತ್ತದೆ.

3. ಷಟರ್ ಮೇಲೆಯೇ ನಿಂತಿದ್ದರೆ, ಅದರಡಿಗೆ ಹೋಗದೆ, ಎರಡೂ ತುದಿಗಳಲ್ಲಿ ಚಾನೆಲ್‌ನ ಪಕ್ಕ ಗಟ್ಟಿ ಮರದ ತೊಲೆ ಇಟ್ಟು ಆಸರೆ ಕೊಡಿ. ನಡುವೆ ಒಂದೇ ಆಸರೆ ಕೊಟ್ಟರೆ ಪರದೆ ಓರೆಯಾಗುತ್ತದೆ.

4. ವಿದ್ಯುತ್ ಹೋದಾಗ ಕೈಯಿಂದ ಎತ್ತಲು ಸರಪಳಿ ಅಥವಾ ಹಿಡಿಕೆ ಕೊಟ್ಟಿರುತ್ತಾರೆ. ಮೋಟಾರಿನ ಹಿಡಿತ ಬಿಡಿಸುವ ಹಗ್ಗವಿದ್ದರೆ ಅದನ್ನು ಷಟರ್ ಪೂರ್ತಿ ಕೆಳಗಿದ್ದಾಗ ಮಾತ್ರ ಎಳೆಯಬೇಕು. ಮೇಲಿದ್ದಾಗ ಎಳೆದರೆ ಇಡೀ ಪರದೆ ಕುಸಿಯಬಹುದು.

5. ಷಟರ್ ತೆರೆಯುವವರೆಗೆ ಕಾರಿನ ಎಂಜಿನ್ ಚಾಲೂ ಮಾಡಬೇಡಿ. ಮುಚ್ಚಿದ ಜಾಗದಲ್ಲಿ ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡ್ ಕಣ್ಣಿಗೆ ಕಾಣದೆ, ಮೂಗಿಗೆ ತಿಳಿಯದೆ ಕೊಲ್ಲುತ್ತದೆ.

ಯಾರಾದರೂ ಷಟರಿನಡಿ ಸಿಕ್ಕಿಕೊಂಡರೆ ಒಬ್ಬರೇ ಎತ್ತಲು ಹೋಗದೆ ಎರಡೂ ತುದಿಗೆ ಜನ ನಿಂತು ಒಟ್ಟಿಗೆ ಎತ್ತಬೇಕು. ಕಾರಿನ ಜ್ಯಾಕನ್ನು ಅಡ್ಡಪಟ್ಟಿಯ ಕೆಳಗೆ ಕೊಡುವುದೂ ಸಹಾಯಕ್ಕೆ ಬರುತ್ತದೆ. ಜತೆಯಲ್ಲೇ 112ಕ್ಕೆ ಅಥವಾ ಆಂಬುಲೆನ್ಸಿಗಾಗಿ 108ಕ್ಕೆ ಕರೆ ಹೋಗಲಿ. ರಾತ್ರಿ ಷಟರ್ ಮುಚ್ಚಲಾಗದೆ ಉಳಿದರೆ ಕಾಂಪೌಂಡ್ ಗೇಟಿಗೆ ಸರಪಳಿ ಬೀಗ ಹಾಕಿ, ಮನೆಯೊಳಕ್ಕೆ ಹೋಗುವ ಬಾಗಿಲನ್ನು ಭದ್ರಪಡಿಸಿ, ದೀಪ ಉರಿಸಿಟ್ಟು ಬೆಳಗಿನವರೆಗೆ ಕಾಯುವುದೇ ಲೇಸು.

ಅಮೆರಿಕದ ಪಾಠ

ಅಮೆರಿಕದಲ್ಲಿ ನೆಲೆಸಿದ ಮಕ್ಕಳ ಮನೆಗೆ ಹೋಗಿಬಂದವರು ಅಲ್ಲಿನ ಗ್ಯಾರೇಜ್ ಬಾಗಿಲನ್ನು ನೋಡಿರುತ್ತಾರೆ. ಅಗಲವಾದ ಹಲಗೆಗಳು ಹಳಿಯ ಮೇಲೆ ಜಾರಿ ಸೂರಿನಡಿ ಮಲಗುತ್ತವೆ. ರಚನೆ ಬೇರೆಯಾದರೂ ಅಲ್ಲಿಯೂ ಭಾರ ಹೊರುವುದು ಸ್ಪ್ರಿಂಗೇ. ಅದಕ್ಕೆ ಸಾಮಾನ್ಯವಾಗಿ ಹೇಳುವ ಆಯುಷ್ಯ 10,000 ಬಾರಿ ತೆರೆದು ಮುಚ್ಚುವಷ್ಟು. ದಿನಕ್ಕೆ ನಾಲ್ಕು ಬಾರಿ ಬಳಸಿದರೆ ಏಳು ವರ್ಷಕ್ಕೆ ಹತ್ತಿರ.

ಮೋಟಾರ್ ಬಾಗಿಲುಗಳಡಿ ಸಿಕ್ಕಿ ಮಕ್ಕಳು ಸತ್ತ ಪ್ರಕರಣಗಳ ಬಳಿಕ ಅಲ್ಲಿ ಕಾನೂನು ಬಿಗಿಯಾಯಿತು. 1993ರ ಜನವರಿ 1ರಿಂದ ತಯಾರಾಗುವ ಮನೆ ಬಳಕೆಯ ಗ್ಯಾರೇಜ್ ಮೋಟಾರ್‌ಗಳಲ್ಲಿ, ಬಾಗಿಲಿಗೆ ಏನಾದರೂ ತಗುಲಿದರೆ ಅದು ಹಿಂದಿರುಗುವುದರ ಜತೆಗೆ ಸೆನ್ಸರ್ ಕಿರಣದಂಥ ಎರಡನೆಯ ರಕ್ಷಣೆಯೂ ಇರಬೇಕೆಂದು ವಿಧಿಸಲಾಯಿತು. ನಮ್ಮಲ್ಲಿ ಮೋಟಾರ್ ಷಟರ್ ಹಾಕಿಸುವವರು ಇವೆರಡನ್ನೂ ತಾವೇ ಕೇಳಿ ಹಾಕಿಸಿಕೊಳ್ಳಬೇಕು. ಖರ್ಚು ಉಳಿಸಬಾರದ ಜಾಗ ಇದು.

ರಿಪೇರಿಯವರನ್ನು ಕರೆಯುವಾಗ

ತುರ್ತು ಕರೆಗೆ ಬರುವವರಿಗೆ ನಿಮ್ಮ ಆತುರ ಗೊತ್ತಿರುತ್ತದೆ. ಬಂದುಹೋಗುವ ಶುಲ್ಕ, ಕೂಲಿ, ಬಿಡಿಭಾಗದ ಬೆಲೆ ಈ ಮೂರನ್ನೂ ಫೋನಿನಲ್ಲೇ ಬೇರೆಬೇರೆಯಾಗಿ ಕೇಳಿ. ಷಟರಿನ ಅಗಲ, ಎತ್ತರ, ಕೈಯಿಂದ ಎತ್ತುವುದೋ ಮೋಟಾರಿನದೋ ಎಂದು ತಿಳಿಸಿದರೆ ಅವರು ಸರಿಯಾದ ಸ್ಪ್ರಿಂಗ್ ತರುತ್ತಾರೆ. ಒಂದೇ ಕಾಲಕ್ಕೆ ಹಾಕಿಸಿದ ಸ್ಪ್ರಿಂಗ್‌ಗಳಲ್ಲಿ ಒಂದು ತುಂಡಾಗಿದ್ದರೆ ಉಳಿದವೂ ಅಷ್ಟೇ ದಣಿದಿರುತ್ತವೆ. ಎಲ್ಲವನ್ನೂ ಒಟ್ಟಿಗೆ ಬದಲಿಸುವುದು ಉತ್ತಮ. ಆದರೆ ಸ್ಪ್ರಿಂಗ್ ಹೋಯಿತೆಂದು ಇಡೀ ಷಟರನ್ನೇ ಬದಲಿಸಬೇಕು ಎನ್ನುವವರ ಮಾತನ್ನು ಇನ್ನೊಬ್ಬರ ಬಳಿ ಪರೀಕ್ಷಿಸಿ. ಬಿಚ್ಚಿದ ಹಳೆಯ ಭಾಗವನ್ನು ಕೇಳಿ ನೋಡಿ, ಬಿಲ್ ಪಡೆಯಿರಿ. ವಂಚನೆಯಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಅಥವಾ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಲು ಆ ಬಿಲ್ಲೇ ಆಧಾರ.

ಕೆಲಸ ಮುಗಿದ ಮೇಲೆ ಅವರ ಎದುರಿಗೇ ಮೂರು ಬಾರಿ ತೆರೆದು ಮುಚ್ಚಿಸಿ. ಕೈಯಿಂದ ಎತ್ತುವ ಷಟರನ್ನು ಎದೆಮಟ್ಟಕ್ಕೆ ಎತ್ತಿ ನಿಧಾನವಾಗಿ ಕೈ ಸಡಿಲಿಸಿದರೆ ಅದು ಬಹುಮಟ್ಟಿಗೆ ಅಲ್ಲೇ ನಿಲ್ಲಬೇಕು. ದಡಕ್ಕನೆ ಇಳಿದರೆ ಸ್ಪ್ರಿಂಗಿನ ಬಿಗಿತ ಸಾಲದು, ತಾನಾಗಿ ಮೇಲೇರಿದರೆ ಬಿಗಿತ ಹೆಚ್ಚಾಗಿದೆ.

ತಿಂಗಳಿಗೆ ಹತ್ತು ನಿಮಿಷ

ಚಾನೆಲ್‌ಗಳ ದೂಳು ಒರೆಸಿ ತೆಳು ಎಣ್ಣೆಯ ನಾಲ್ಕು ಹನಿ ಬಿಡಿ. ಗಟ್ಟಿ ಗ್ರೀಸ್ ಮೆತ್ತಿದರೆ ದೂಳು ಅಂಟಿ ಮತ್ತಷ್ಟು ಬಿಗಿಯಾಗುತ್ತದೆ. ಹೊಸ ಸದ್ದು, ಹೊಸ ಭಾರ, ಹೊಸ ಓರೆ ಕಂಡಾಗಲೇ ಮೆಕ್ಯಾನಿಕ್‌ಗೆ ತೋರಿಸಿದರೆ ಅಪರಾತ್ರಿಯಲ್ಲಿ ಪರದಾಡುವುದು ತಪ್ಪುತ್ತದೆ. ಮೋಟಾರಿನ ಸ್ವಿಚ್ ಎಲ್ಲಿದೆ, ಸರಪಳಿ ಎಲ್ಲಿದೆ ಎಂಬುದನ್ನು ಮನೆಯ ಹಿರಿಯರಿಗೆ, ಬಾಡಿಗೆಯವರಿಗೆ, ಮನೆಗೆಲಸದವರಿಗೆ ಇಂದೇ ತೋರಿಸಿಡಿ. ಇಳಿಯುತ್ತಿರುವ ಷಟರಿನಡಿ ಓಡುವುದು ಆಟವಲ್ಲ ಎಂಬುದು ಮಕ್ಕಳಿಗೂ ತಿಳಿದಿರಲಿ.